ಎರಡನೆಯ ಹಾಳೆ

ಮಸೇರು, 14 ಜನವರಿ 1997

ಮಾವನಿಗೂ ಅತ್ತೆಗೂ,

ಅತ್ತೆ, ಮೊದಲು ಮಾವನನ್ನು ಕೂರಿಸಿ, ಆಮೇಲೆ ಓದಿ. ನಿಂತುಕೊಂಡು ಕೇಳುವ ಸುದ್ದಿಯಲ್ಲ ಇದು.

ಗಡಿಯಾಚೆ ಜೊಹಾನ್ಸ್‌ಬರ್ಗಿನ ವೈದ್ಯಕೀಯ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿದೆ. ಬರೀ ಸೀಟಲ್ಲ, ಆರು ವರ್ಷದ ವಿದ್ಯಾರ್ಥಿವೇತನವೂ ಇದೆ. ಫೀಸು, ಪುಸ್ತಕ, ಊಟ, ಮಲಗಲು ಮಂಚ, ಎಲ್ಲ ಅವರದೇ. ನಮ್ಮ ದೇಶದಿಂದ ಇಬ್ಬರನ್ನು ಆರಿಸಿದ್ದಾರೆ. ಕಾಗದವನ್ನು ನಾಲ್ಕು ಸಲ ಓದಿದೆ, ನಂಬಿಕೆ ಬರಲಿಲ್ಲ. ಪಕ್ಕದ ಕೋಣೆಯವಳ ಕೈಯಲ್ಲಿ ಇನ್ನೊಂದು ಸಲ ಓದಿಸಿದೆ. ಹೆಸರು ನನ್ನದೇ.

ತೊಡಕು ಒಂದೇ. ವೇತನ ಕೊಡುವವರ ಹಾಸ್ಟೆಲ್ ಇರುವುದು ಲಿಥಾಬೆಂಗ್ ಬಡಾವಣೆಯಲ್ಲಿ. ಹುಡುಗಿಯರು ಅಲ್ಲೇ ಇರಬೇಕು, ಬೇರೆ ಕಡೆ ಇದ್ದರೆ ವೇತನ ನಿಲ್ಲುತ್ತದೆ. ಲಿಥಾಬೆಂಗ್ ಎಂಥ ಜಾಗ ಅಂತ ಮಾವನಿಗೆ ಗೊತ್ತು. ಚಿನ್ನದ ಗಣಿಯಲ್ಲಿದ್ದಾಗ ಭಾನುವಾರ ಅಲ್ಲಿಗೆ ಹೋಗುತ್ತಿದ್ದರಲ್ಲ.

ನಮ್ಮ ಮಿಷನ್ ಆಸ್ಪತ್ರೆಯ ನರ್ಸಿಂಗ್ ಶಾಲೆಯವರೂ ಬಾ ಅಂದಿದ್ದಾರೆ. ಅಲ್ಲಿಂದ ಮನೆಗೆ ಕುದುರೆಯ ಮೇಲೆ ಅರ್ಧ ದಿನದ ದಾರಿ. ಭಯವೆಂಬುದಿಲ್ಲ. ಆದರೆ ಆ ಆಸ್ಪತ್ರೆಗೆ ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ. ಅಮ್ಮ ತೀರಿಕೊಂಡದ್ದು ಅವರು ಬಾರದ ದಿನ. ನರ್ಸುಗಳು ನಾಲ್ಕು ಜನ ಸುತ್ತ ನಿಂತಿದ್ದರು. ಇದಕ್ಕಿಂತ ಹೆಚ್ಚು ನಾನು ಬರೆಯಬೇಕಾಗಿಲ್ಲ.

ಅಮ್ಮ ಹೋದ ಮೇಲೆ ನನ್ನ ವಿಷಯದಲ್ಲಿ ಹೂಂ ಅನ್ನುವವರು ಮಾವ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

ನಿಮ್ಮ ದಿಪುವೊ


ಹಾ ಥೋಲೊ, 21 ಜನವರಿ

ದಿಪುವೊ,

ನಿನ್ನ ಮಾವ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಅವರ ಮಾತು ಇದ್ದ ಹಾಗೇ:

"ಡಾಕ್ಟರ್ ಅಂದ್ರೆ ಸಂತೋಷ ಕೂಸೇ. ಹೋರಿ ಕಡಿದು ಊರಿಗೆ ಊಟ ಹಾಕೋ ಸುದ್ದಿ. ಆದ್ರೆ ಲಿಥಾಬೆಂಗ್ ಮಾತ್ರ ಬೇಡ. ಇಪ್ಪತ್ತೆರಡು ವರ್ಷ ಭೂಮಿ ಒಳಗಿದ್ದೆ, ಬಂಡೆ ಬೀಳತ್ತೆ ಅಂತ ಒಂದಿನ ಹೆದರಲಿಲ್ಲ. ಲಿಥಾಬೆಂಗ್ ಬೀದೀಲಿ ನಡಿಯೋಕೆ ಹೆದರ್ತಿದ್ದೆ. ನನ್ ಜೊತೆಗಾರ ಮೊಲಿಸೆ ಅಲ್ಲೇ ಹೋಗ್ಬಿಟ್ಟ, ಒಂದು ಜೊತೆ ಬೂಟ್ಸಿಗೋಸ್ಕರ. ಗಂಡಸರ ಪಾಡೇ ಹೀಗೆ, ನೀನು ಹೆಣ್ಣುಮಗಳು. ನಿಮ್ಮಮ್ಮ ಸಾಯೋವಾಗ ನಿನ್ ಕೈ ನನ್ ಕೈಲಿಟ್ಟು ಹೋದ್ಲು. ನರ್ಸ್ ಆಗು. ಬಿಳಿ ಬಟ್ಟೆ ಅದ್ರಲ್ಲೂ ಇದೆ."

ಅಷ್ಟು ಹೇಳಿ ಕೆಮ್ಮುತ್ತ ಕುರಿ ನೋಡಲು ಎದ್ದು ಹೋದರು. ಇನ್ನು ನನ್ನ ಮಾತು.

ನೀನು ಹೋಗು. ಈ ಊರಿನ ಗಂಡಸರೆಲ್ಲ ಚಿಕ್ಕಂದಿನಲ್ಲಿ ಕುರಿಯ ಹಿಂದೆ ಹೋದವರು. ಓದು ಬರಹ ಬಂದದ್ದು ನಮಗೆ ಹೆಂಗಸರಿಗೆ. ಬಂದು ಏನು ಕಡಿದು ಕಟ್ಟೆ ಹಾಕಿದೆವು? ಗಣಿಯಿಂದ ಬಂದ ಅವರ ಕಾಗದ ಓದಿದೆವು, ಅವರಿಗೆ ಕಾಗದ ಬರೆದೆವು. ಏಳನೇ ತರಗತಿಯಲ್ಲಿ ಜಿಲ್ಲೆಗೇ ಮೊದಲು ಬಂದವಳು ನಾನು. ಪಾದ್ರಿಗಳು ಮನೆಗೆ ಬಂದು, ಹುಡುಗಿಯನ್ನು ಓದಿಸಿ ಅಂತ ಅಪ್ಪನ ಕಾಲು ಹಿಡಿಯುವುದೊಂದು ಬಾಕಿ. ಅಪ್ಪ ಕೊಟ್ಟ ಉತ್ತರ ಏನು ಗೊತ್ತಾ? "ದಾರಿ ಸರಿಯಿಲ್ಲ, ಹೆಣ್ಣುಮಗು." ಮೂವತ್ತು ವರ್ಷವಾಯಿತು, ದಾರಿ ಇನ್ನೂ ಸರಿಯಾಗಿಲ್ಲ.

ಮಾವನನ್ನು ಒಪ್ಪಿಸುವುದು ನನಗೆ ಬಿಡು. ಅಲ್ಲಿಗೆ ಹೋದ ಮೇಲೆ ಎರಡು ಹಾಳೆ ಬರಿ. ಮೊದಲನೆಯದು ಎಲ್ಲರಿಗೂ, ಅದನ್ನು ಗಟ್ಟಿಯಾಗಿ ಓದುತ್ತೇನೆ. ಕೆಟ್ಟದ್ದೇನಿದ್ದರೂ ಎರಡನೆಯ ಹಾಳೆಯಲ್ಲಿ ಬರಿ. ಅದು ನನಗೆ, ಓದಿದ್ದೇ ಒಲೆಗೆ. ಈ ಮನೆಯಲ್ಲಿ ಅಕ್ಷರ ಬರುವವಳು ನಾನೊಬ್ಬಳೇ.

ಮೂರು ದಿನ ಬಿಟ್ಟು ಸೇರಿಸುತ್ತಿದ್ದೇನೆ: ಒಪ್ಪಿದರು! ಮೂರು ದಿನ ನಾನು ಮಾತು ಬಿಟ್ಟಿದ್ದೆ. "ಒಬ್ಳು ಗಂಟಲು ಬಿಟ್ಟು ಕೂಗಾಡಿದ್ರೆ ತಡ್ಕೋಬಹುದು, ಇದನ್ನ ಹ್ಯಾಗೆ ತಡ್ಕೊಳ್ಳೋದು" ಅಂತ ತಮ್ಮ ಅಣ್ಣ ಸೆಚೆಲೆಯ ಹತ್ತಿರ ಗೋಳು ಹೇಳಿಕೊಂಡರಂತೆ. ಷರತ್ತು ಒಂದಿದೆ. "ಕೆಟ್ಟ ಸುದ್ದಿ ಒಂದೇ ಒಂದು ಬರ್ಲಿ, ನಾನೇ ಹೋಗಿ ಎಳ್ಕೊಂಡು ಬರ್ತೀನಿ. ಡಾಕ್ಟರ್ ಆದ್ಲೋ ಇಲ್ವೋ ಅಂತ ನೋಡಲ್ಲ."

ಅತ್ತೆ ಮಾಖೊತ್ಸೊ


ಲಿಥಾಬೆಂಗ್, 23 ಫೆಬ್ರವರಿ

ಮಾವ, ಅತ್ತೆ, ಊರಿನ ಎಲ್ಲರಿಗೂ,

ಬಂದು ಎರಡು ವಾರವಾಯಿತು. ಹಾಸ್ಟೆಲ್ ಇಟ್ಟಿಗೆಯದು, ಕಿಟಕಿಗೆಲ್ಲ ಕಬ್ಬಿಣದ ಸರಳಿದೆ. ನೋಡಿಕೊಳ್ಳುವವರು ಮಾಲೆರಾಟೊ ಅಂತ, ನಮ್ಮ ಕಡೆಯವರೇ. ನನ್ನ ಮಾತು ಕೇಳಿದ್ದೇ "ಬೆಟ್ಟದ ಮಗಳು ಬಂದ್ಲು" ಅಂದರು. ಬೆಳಿಗ್ಗೆ ಆರು ಜನ ಒಟ್ಟಿಗೆ ಟ್ಯಾಕ್ಸಿ ಸ್ಟ್ಯಾಂಡಿಗೆ ನಡೆದು ಹೋಗುತ್ತೇವೆ, ಹಾಡು ಹೇಳಿಕೊಂಡು. ಮಾವ, ನೀವು ನೋಡಿದ ಲಿಥಾಬೆಂಗ್ ಈಗಿಲ್ಲ. ಬೀದಿಗೆ ಟಾರು ಬಂದಿದೆ. ರಸಾಯನಶಾಸ್ತ್ರ ಸ್ವಲ್ಪ ಕಷ್ಟ, ಉಳಿದದ್ದು ಪರವಾಗಿಲ್ಲ. ನಿಮ್ಮ ಕೆಮ್ಮಿಗೆ ಹೊಗೆ ಆಗದು, ಒಲೆಯ ಹತ್ತಿರ ಕೂರಬೇಡಿ. ಇದು ಡಾಕ್ಟರ ಅಪ್ಪಣೆ.

(ಎರಡನೆಯ ಹಾಳೆ)

ಅತ್ತೆ, ಆರು ಜನ ಒಟ್ಟಿಗೆ ಹೋಗುವುದು ಭಯದಿಂದ. ಹಾಡುವುದೂ ಭಯದಿಂದಲೇ. ಮೊದಲ ವಾರದಲ್ಲೇ ಗುಂಡಿನ ಶಬ್ದ ಕೇಳಿದೆ. ಯಾರೋ ತಗಡು ಬಡಿಯುತ್ತಿದ್ದಾರೆ ಅಂದುಕೊಂಡೆ, ಉಳಿದವರೆಲ್ಲ ಆಗಲೇ ನೆಲಕ್ಕೆ ಮಲಗಿದ್ದರು. ಈಗ ನಾನೂ ಮಲಗುತ್ತೇನೆ, ಪುಸ್ತಕ ಕೈಯಲ್ಲಿದ್ದರೆ ಹಾಗೇ ಓದುತ್ತೇನೆ. ಕಾಲೇಜು ಮಾತ್ರ ಬೇರೆಯೇ ಲೋಕ ಅತ್ತೆ. ಅದಕ್ಕಾಗಿ ಇದನ್ನು ತಡೆದುಕೊಳ್ಳಬಹುದು.


ಹಾ ಥೋಲೊ, 30 ಮಾರ್ಚ್

ಕೂಸೇ,

ನಿನ್ನ ಮೊದಲ ಹಾಳೆಯನ್ನು ಮೂರು ಸಲ ಓದಿಸಿದರು. ಒಂದು ಸಲ ನಮಗೆ, ಒಂದು ಸಲ ಸೆಚೆಲೆಯ ಮನೆಯವರಿಗೆ, ಇನ್ನೊಂದು ಸಲ ಅಂಗಡಿಯ ಮುಂದೆ. "ಡಾಕ್ಟರ ಅಪ್ಪಣೆ" ಅನ್ನುವ ಮಾತು ಬಂದಾಗಲೆಲ್ಲ "ಕೇಳಿದ್ರಾ?" ಅಂತ ಸುತ್ತ ನೋಡುತ್ತಾರೆ. ಆಮೇಲೆ ಹೋಗಿ ಒಲೆಯ ಹತ್ತಿರವೇ ಕೂರುತ್ತಾರೆ. ಹೇಳೋದೊಂದು ಮಾಡೋದೊಂದು.

ಈಗ ಹೊಸ ಹಟ ಹಿಡಿದಿದ್ದಾರೆ. ಸೋದರ ಸೊಸೆಗೆ ನೆರಳು ಕೊಟ್ಟವರ ಮನೆಗೆ ಮಾವನಾದವನು ಹೋಗಿ, ಕುರಿ ಕೊಟ್ಟು, ಮುಖ ತೋರಿಸಿ ಬರಬೇಕಲ್ಲ. "ಆ ಮಾಲೆರಾಟೊ ಏನಂದ್ಕೋತಾಳೆ? ಈ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂದ್ಕೊಳಲ್ವಾ?" ಬಸ್ಸಿನಲ್ಲಿ ಕುರಿಯನ್ನು ಗಡಿ ದಾಟಿಸುವುದು ಹೇಗೆ ಅಂತ ಸೆಚೆಲೆಯ ಜೊತೆ ದಿನಾ ಚರ್ಚೆ. ಉಣ್ಣೆ ಕತ್ತರಿಸುವ ಕೆಲಸ ಮುಗಿಯಲಿ ಅಂತ ತಡೆದಿಟ್ಟಿದ್ದೇನೆ.

ಎರಡನೆಯ ಹಾಳೆ ಸುಟ್ಟೆ. ಗುಂಡು ಅಂದರೆ ದೂರದಲ್ಲಿ ತಾನೆ? ಗಣಿಯ ಊರುಗಳಲ್ಲಿ ಅದು ಇದ್ದದ್ದೇ. ಹೊಸದರಲ್ಲಿ ಎಲ್ಲಕ್ಕೂ ಹೆದರಿಕೆ. ಒಂದು ವರ್ಷ ಕಳೆದರೆ ಅಭ್ಯಾಸವಾಗುತ್ತದೆ.

ಅತ್ತೆ


ಲಿಥಾಬೆಂಗ್, 15 ಜೂನ್

ಮಾವ, ಅತ್ತೆ,

ಅರ್ಧ ವರ್ಷದ ಪರೀಕ್ಷೆ ಮುಗಿಯಿತು. ಪಾಸು! ರಸಾಯನಶಾಸ್ತ್ರದಲ್ಲೂ ಪಾಸು. ಮೇಡಂ ನನ್ನ ಉತ್ತರವನ್ನು ಎಲ್ಲರಿಗೂ ತೋರಿಸಿದರು. ಚಳಿ ಜೋರಾಗಿದೆ. ಮಾವ, ಇಷ್ಟು ದೂರ ಬರುವ ತೊಂದರೆ ತೆಗೆದುಕೊಳ್ಳಬೇಡಿ. ಮಾಲೆರಾಟೊ ಅವರಿಗೆ ನಿಮ್ಮ ಪರವಾಗಿ ನಾನೇ ನಮಸ್ಕಾರ ಹೇಳಿದ್ದೇನೆ.

(ಎರಡನೆಯ ಹಾಳೆ)

ಅತ್ತೆ, ಇದನ್ನು ಗಮನವಿಟ್ಟು ಓದಿ. ಇಲ್ಲಿ ನಮ್ಮ ಬೆಟ್ಟದವರದೇ ಒಂದು ಪುಂಡರ ಗುಂಪಿದೆ. ನಮ್ಮೂರಿನ ಗಂಡಸರ ಹಾಗೇ ಕಂಬಳಿ ಹೊದ್ದು ಕೋಲು ಹಿಡಿದು ಓಡಾಡುತ್ತಾರೆ. ಟ್ಯಾಕ್ಸಿ ಸ್ಟ್ಯಾಂಡಿನವರ ಹತ್ತಿರ ಹಫ್ತಾ ಕೇಳಿ ಜಗಳವಾಗಿದೆ. ಈಗ ಸ್ಟ್ಯಾಂಡಿನವರು ಕಂಬಳಿ ಹೊದ್ದ ಗಂಡಸನ್ನು ಕಂಡರೆ ಯಾರು ಏನು ಅಂತ ಕೇಳುವುದಿಲ್ಲ. ಹೋದ ಗುರುವಾರ ಹಾಗೆ ಕಂಬಳಿ ಹೊದ್ದ ಒಬ್ಬರನ್ನು ನನ್ನ ಕಣ್ಣೆದುರೇ ಹೊಡೆದು ಕೊಂದರು. ವಯಸ್ಸಾದವರು, ಗುಂಪಿನವರಂತೆ ಕಾಣಲಿಲ್ಲ. ನಾವು ಆರು ಜನವೂ ಹಾಡು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ನಮ್ಮ ಕಡೆ ತಿರುಗುತ್ತಾರೇನೋ ಅನ್ನುವ ಭಯ. ಡಾಕ್ಟರಾಗಲು ಬಂದವಳು ನಾನು, ಹಾಡುತ್ತ ಮುಂದೆ ಹೋದೆ.

ಮಾವ ಬರುವುದೇ ಆದರೆ ಕಂಬಳಿ ಹೊದ್ದು ಬರಬಾರದು. ಯಾವ ಕಾರಣಕ್ಕೂ ಬೇಡ. ಕೋಟು ಹಾಕಿಕೊಂಡು ಬರಲಿ. ಆದರೆ ನಿಜ ಕಾರಣ ಹೇಳಬೇಡಿ ಅತ್ತೆ. ಹೇಳಿದರೆ ಅದೇ ದಿನ ಹೊರಟು ಬಂದು ನನ್ನನ್ನು ಎಳೆದುಕೊಂಡು ಹೋಗುತ್ತಾರೆ. ಇನ್ನೇನಾದರೂ ನೆಪ ಹುಡುಕಿ.


ಹಾ ಥೋಲೊ, 27 ಜುಲೈ

ದಿಪುವೊ,

ಹಿಮ ಬಿದ್ದು ದಾರಿ ಮುಚ್ಚಿತ್ತು. ನಿನ್ನ ಕಾಗದ ಐದು ವಾರ ಅಂಗಡಿಯವನ ಚೀಲದಲ್ಲೇ ಕೂತಿತ್ತು.

ನೆಪ ಹೇಳಿ ನೋಡಿದೆ. ನೀವು ಹೋಗುವಷ್ಟರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಸೆಕೆ, ಕೋಟು ಸಾಕು ಅಂದೆ. ಬಿದ್ದು ಬಿದ್ದು ನಕ್ಕರು. "ಇಪ್ಪತ್ತೆರಡು ವರ್ಷ ಅಲ್ಲಿ ಚಳಿ ತಿಂದೋನಿಗೆ ನೀನು ಸೆಕೆ ಅಂತೀಯಾ? ಕೋಟ್ ಹಾಕ್ಕೊಂಡು ಹೋಗೋಕೆ ನಾನೇನು ಗುಮಾಸ್ತನಾ? ನಾಳೆ ಟೈ ಕಟ್ಕೋ ಅಂತೀಯ." ಆಮೇಲೆ ನಾನೂ ನಕ್ಕೆ. ಒತ್ತಾಯ ಮಾಡಿದರೆ ಅನುಮಾನ ಬರುತ್ತದೆ ಅಂತ ಸುಮ್ಮನಾದೆ. ಅಕ್ಟೋಬರಿನಲ್ಲಿ ಉಣ್ಣೆ ಕತ್ತರಿಸುವ ತನಕ ಹೇಗೂ ಹೊರಡುವುದಿಲ್ಲ, ಮಾತು ಕೊಟ್ಟಿದ್ದಾರೆ. ಅಷ್ಟರಲ್ಲಿ ಬೇರೆ ಏನಾದರೂ ಹೊಳೆಯುತ್ತದೆ.

ನಮ್ಮ ಮಗ ಖೊತ್ಸೊನ ಹೆಂಡತಿಗೆ ಸೆಪ್ಟೆಂಬರಿನಲ್ಲಿ ಹೆರಿಗೆ. ನಾನು ಬಾಣಂತನಕ್ಕೆ ಕಾಚಾದಲ್ಲಿರುವ ಅವರ ಮನೆಗೆ ಹೋಗಿ ಒಂದು ತಿಂಗಳು ಇದ್ದು ಬರುತ್ತೇನೆ. ನೀನು ಓದು. ಅರ್ಧ ದಾರಿ ಬಂದಾಯಿತು, ಈಗ ಹೆದರಿ ತಿರುಗಿದರೆ ಆಡಿಕೊಳ್ಳುವವರ ಬಾಯಿಗೆ ಬಿದ್ದ ಹಾಗೆ.

ಅತ್ತೆ


ಲಿಥಾಬೆಂಗ್, 3 ಸೆಪ್ಟೆಂಬರ್

ಮಾವ, ಅತ್ತೆ,

ಎಲ್ಲ ಚೆನ್ನಾಗಿದೆ. ಪೀಚ್ ಮರ ಹೂಬಿಟ್ಟಿದೆ. ವರ್ಷದ ಕೊನೆಯ ಪರೀಕ್ಷೆಗೆ ಈಗಿನಿಂದಲೇ ಓದುತ್ತಿದ್ದೇನೆ.

(ಎರಡನೆಯ ಹಾಳೆ)

ಅತ್ತೆ, ನೀವು ಕಾಚಾಗೆ ಹೊರಡುವ ಮೊದಲೇ ಇದು ತಲುಪಲಿ ಅಂತ ಅವಸರದಲ್ಲಿ ಬರೆಯುತ್ತಿದ್ದೇನೆ. ಹೋದ ವಾರ ಹಾಡುಹಗಲೇ ಹಾಸ್ಟೆಲಿಗೆ ಇಬ್ಬರು ನುಗ್ಗಿದರು. ಕಾವಲಿನವರ ತಲೆಗೆ ಹೊಡೆದರು. ಜ್ವರ ಅಂತ ಕಾಲೇಜಿಗೆ ಬಾರದೆ ಮಲಗಿದ್ದ ಥಾಂಡೆಕಾಳ ಭುಜಕ್ಕೆ ಚಾಕು ಹಾಕಿದರು. ಅವಳು ಬದುಕಿದ್ದಾಳೆ. ಅವಳ ಅಪ್ಪ ಬಂದು ಕರೆದುಕೊಂಡು ಹೋದರು, ವಿದ್ಯಾರ್ಥಿವೇತನವೂ ಬೇಡ ಏನೂ ಬೇಡ ಅಂದರು. ಅವಳ ಮಂಚ ನನ್ನ ಮಂಚದ ಪಕ್ಕದ್ದು. ಅವತ್ತು ನನಗೂ ಮೈ ಸರಿಯಿರಲಿಲ್ಲ, ಪರೀಕ್ಷೆ ಅಂತ ಹೋಗಿದ್ದೆ. ಏನು ಮಾಡಲಿ ಹೇಳಿ. ನಿಜ ಹೇಳುತ್ತೇನೆ, ಹೆದರಿಕೆ ಅಭ್ಯಾಸವಾಗುವುದಿಲ್ಲ.


ಹಾ ಥೋಲೊ, 17 ಸೆಪ್ಟೆಂಬರ್

ಕೂಸೇ,

ಇದನ್ನ ಬರೀತಿರೋದು ಮೇಷ್ಟ್ರು ಪಿಟ್ಸೊ, ಹೇಳ್ತಿರೋದು ನಿನ್ ಮಾವ. ನಿಮ್ಮತ್ತೆ ಬಾಣಂತನಕ್ಕೆ ಹೋಗಿದಾಳೆ. ನಿನ್ ಕಾಗದನ ಮೇಷ್ಟ್ರ ಕೈಲಿ ಓದಿಸ್ದೆ. ಒಂದು ಹಾಳೆ ಮುಗಿದ್ಮೇಲೆ ಇನ್ನೊಂದಿತ್ತು. ನಾಲ್ಕು ಸಾಲು ಓದಿ ಮೇಷ್ಟ್ರು ನಿಲ್ಲಿಸ್ಬಿಟ್ರು, "ಇದು ನಿಮಗಲ್ಲ ಅಂತ ಕಾಣತ್ತೆ" ಅಂದ್ರು. ನನ್ ಮನೆಗೆ ಬಂದಿದ್ದು ನಂದೇ, ಓದಿ ಅಂದೆ.

ನಿನ್ ಮೇಲೆ ಸಿಟ್ಟಿಲ್ಲ. ನಿಮ್ಮತ್ತೆ ಮೇಲೂ ಇಲ್ಲ, ಬಂದ್ಮೇಲೆ ನೋಡ್ಕೋತೀನಿ. ಅಂತೂ ಎಷ್ಟು ಹಾಳೆ ಒಲೆಗೆ ಹೋದ್ವೋ ಏನೋ. ನಾನು ಅಂಗಡಿ ಮುಂದೆ ನಿಂತ್ಕೊಂಡು ಎದೆ ಉಬ್ಬಿಸ್ತಿದ್ದೆ, ಮೂರ್ಖ.

ಉಣ್ಣೆ ಕೆಲಸ ಕಾಯ್ಲಿ, ನಾಳಿದ್ದು ಬಸ್ ಹತ್ತೀನಿ. ನೀನು ಗಂಟುಮೂಟೆ ಕಟ್ಟಿರು. ಆ ಮಾಲೆರಾಟೊಗೆ ನಾನೇ ಹೇಳ್ತೀನಿ. ನಿನ್ನ ಬಿಡಿಸ್ಕೊಂಡು ಬರೋವಾಗ ನಾನೂ ಮನುಷ್ಯನ ಹಾಗೆ ಕಾಣ್ಬೇಕಲ್ಲ, ಜೋಳದ ತೆನೆ ಚಿತ್ರ ಇರೋ ಆ ಒಳ್ಳೇ ಕಂಬಳಿ ಝಾಡಿಸಿ ಬಿಸಿಲಿಗೆ ಹಾಕಿದೀನಿ. ಅಳ್ಬೇಡ. ನರ್ಸ್ ಆದ್ರೂ ನೀನು ನಮಗೆ ಡಾಕ್ಟರೇ.

ಮಾವ ಮೊಖೆಲೆ


ಲಿಥಾಬೆಂಗ್, 19 ಅಕ್ಟೋಬರ್

ಅತ್ತೆ,

ಈ ಸಲ ಒಂದೇ ಹಾಳೆ. ಯಾರ ಮುಂದೆ ಬೇಕಾದರೂ ಓದಿ.

ಮಾವನ ಶವದ ಜೊತೆ ಬಂದು ಎಂಟು ದಿನ ನಿಮ್ಮ ಮನೆಯಲ್ಲಿದ್ದೆ. ನನ್ನ ತಲೆ ಬೋಳಿಸಿದರು, ನಿಮ್ಮ ತಲೆಯನ್ನೂ ಬೋಳಿಸಿದರು. ಒಂದೇ ಚಾಪೆಯ ಮೇಲೆ ಕೂತಿದ್ದೆವು. ನೀವು ನನಗೆ ಗಂಜಿ ಬಡಿಸಿದಿರಿ, ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಊರಿನವರೆಲ್ಲ "ಆ ಊರು ತಿಂದ್ಹಾಕ್ತು" ಅಂತ ಅಳುತ್ತಿದ್ದರು. ನಾವಿಬ್ಬರೂ ಹೂಂ ಅನ್ನುತ್ತಿದ್ದೆವು.

ಮಾವನ ಕಾಗದ ನನ್ನ ಕೈ ಸೇರಿದ್ದು ನಾನು ಮಣ್ಣು ಮಾಡಿ ಮರಳಿ ಬಂದ ಮೇಲೆ. ಬರುತ್ತಿದ್ದೇನೆ, ಗಂಟುಮೂಟೆ ಕಟ್ಟು ಅಂತ ಇತ್ತು. ಕಂಬಳಿ ಬಿಸಿಲಿಗೆ ಹಾಕಿದ್ದೇನೆ ಅಂತಲೂ ಇತ್ತು.

ನಡೆದದ್ದು ಹೀಗೆ. ಸೆಪ್ಟೆಂಬರ್ ಇಪ್ಪತ್ತನೆಯ ತಾರೀಖು ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಇಳಿದರು. ಅಲ್ಲಿ ಹಣ್ಣು ಮಾರುವಾಕೆ ಹೇಳಿದಳು. ಅವಳ ಹತ್ತಿರ ನಾಲ್ಕು ಕಿತ್ತಳೆ ಕೊಂಡು, "ಡಾಕ್ಟರ್ ಓದೋ ಹುಡುಗೀರ ಮನೆ ಎಲ್ಲಿ ತಾಯೀ?" ಅಂದರಂತೆ. ಅವಳು "ಆ ಕಂಬಳಿ ತೆಗೀರಿ, ಬೇಗ ತೆಗೀರಿ" ಅಂದಳಂತೆ. ಮಾವ ನಕ್ಕು, "ನೀವೂ ನನ್ ಹೆಂಡ್ತಿ ಹಾಗೇ ಆಡ್ತೀರಲ್ಲ" ಅಂದರಂತೆ. ಅಷ್ಟರಲ್ಲಿ ಸ್ಟ್ಯಾಂಡಿನವರು ಬಂದರು. ನಾನಾಗ ಲ್ಯಾಬಿನಲ್ಲಿದ್ದೆ. ಶವಾಗಾರದಲ್ಲಿ ಗುರುತು ಹೇಳು ಅಂದಾಗ ಮುಖದಿಂದ ಗುರುತು ಹೇಳಲು ಆಗಲಿಲ್ಲ.

ಈಗ ಎಲ್ಲರೂ ಕೇಳಲಿ. ಕಂಬಳಿ ಹೊದ್ದು ಬಂದರೆ ಕೊಲ್ಲುತ್ತಾರೆ ಅಂತ ನನಗೆ ಜೂನಿನಲ್ಲೇ ಗೊತ್ತಿತ್ತು. ಮಾವನಿಗೆ ಕಾರಣ ಹೇಳಬೇಡಿ ಅಂತ ಬರೆದವಳು ನಾನು. ಹೇಳಿದರೆ ನನ್ನ ಓದು ನಿಲ್ಲಿಸುತ್ತಾರೆ ಅಂತ ಬರೆದೆ. ಮಾವನ ಜೀವ ಒಂದು ಕಡೆ, ನನ್ನ ಸೀಟು ಒಂದು ಕಡೆ ಅಂತ ತೂಗಿ ನೋಡಿದವಳಲ್ಲ ನಾನು. ಹಾಗೆ ತೂಗಬೇಕಾಗುತ್ತದೆ ಅಂತ ಯೋಚಿಸಲೇ ಇಲ್ಲ. ಪಣಕ್ಕಿಟ್ಟಿರುವುದು ನನ್ನ ಜೀವ ಒಂದನ್ನೇ ಅಂದುಕೊಂಡಿದ್ದೆ, ಅದು ನನ್ನದು, ಏನಾದರೂ ಮಾಡಿಕೊಳ್ಳುತ್ತೇನೆ ಅಂತ. ಅತ್ತೆಯನ್ನು ಬೈಯಬೇಡಿ, ನಾನು ಕೇಳಿದ್ದನ್ನು ಮಾಡಿದರು.

ವೇತನ ಮುಂದುವರಿಯಲು ಮನೆಯ ಹಿರಿಯರೊಬ್ಬರು ಒಪ್ಪಿಗೆಯ ಸಹಿ ಹಾಕಬೇಕು. ಹೋದ ಸಲ ಮಾವ ಹಾಕಿದ್ದರು. ಫಾರಂ ಇದರ ಜೊತೆ ಇಟ್ಟಿದ್ದೇನೆ. ಹಾಕಿ ಅಂತ ಕೇಳುವ ಮುಖ ನನಗಿಲ್ಲ. ಹರಿದು ಹಾಕಿದರೆ ಬಂದುಬಿಡುತ್ತೇನೆ. ನಿಮ್ಮೆಲ್ಲರ ಎದುರು ನಿಲ್ಲುತ್ತೇನೆ.

ದಿಪುವೊ


ಹಾ ಥೋಲೊ, 9 ನವೆಂಬರ್

ದಿಪುವೊ,

ಓದಿದೆ. ಮೊದಲು ಒಬ್ಬಳೇ ಓದಿದೆ. ಒಲೆ ಉರಿಯುತ್ತಿತ್ತು, ಹಾಕಿಬಿಡಲೇ ಅನ್ನಿಸಿತು. ಕೈ ಅಲ್ಲಿಯವರೆಗೂ ಹೋಗಿತ್ತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಹೋದ ಭಾನುವಾರ ನನಗೆ ಸೂತಕದ ಕಪ್ಪು ಬಟ್ಟೆ ಹೊದಿಸಲು ಎಲ್ಲರೂ ಸೇರಿದ್ದರು. ಆಗ ಎದ್ದು ನಿಂತು ಗಟ್ಟಿಯಾಗಿ ಓದಿದೆ, ಒಂದಕ್ಷರ ಬಿಡಲಿಲ್ಲ. ನೀನು ನನ್ನನ್ನು ಬೈಯಬೇಡಿ ಅಂತ ಬರೆದ ಸಾಲು ಬಂದಾಗ ನಿಲ್ಲಿಸಿ, ಅದು ಸುಳ್ಳು ಅಂದೆ. ಎರಡು ಹಾಳೆಯ ಉಪಾಯ ಹೇಳಿಕೊಟ್ಟವಳು ನಾನು. ಕೋಟು ಹಾಕಿಕೊಳ್ಳಿ ಅಂದಾಗ ಅವರು ನಕ್ಕರು, ನಾನೂ ಜೊತೆಯಲ್ಲಿ ನಕ್ಕೆ. ಅವತ್ತು ಅತ್ತಿದ್ದರೆ ಸಾಕಿತ್ತು, ಕಾಲು ಹಿಡಿದಿದ್ದರೆ ಸಾಕಿತ್ತು. ನನಗೆ ಆಗದೇ ಹೋದದ್ದು ನಿನಗಾದರೂ ಆಗಲಿ ಅನ್ನುವ ಹಟ ನನ್ನದು. ಅದಕ್ಕೆ ಗಂಡನನ್ನು ಕೊಟ್ಟೆ.

ಇಬ್ಬರು ಮುದುಕಿಯರು ಎದ್ದು ಹೊರಗೆ ಹೋದರು. ಖೊತ್ಸೊ ಗೋಡೆಯ ಕಡೆ ತಿರುಗಿ ಕೂತ. ಇವತ್ತಿಗೂ ನನ್ನ ಜೊತೆ ಮಾತಾಡುತ್ತಿಲ್ಲ. ಸೆಚೆಲೆ ಮಾತ್ರ ನನ್ನ ಕಡೆ ತಿರುಗಿ ಕೇಳಿದರು:

"ಇನ್ನೆಷ್ಟು ವರ್ಷ ಇದೆ ಅವಳ ಓದು?"

"ಐದು" ಅಂದೆ.

"ಐದು ವರ್ಷ ಅವಳ ಮುಖ ನನಗೆ ಕಾಣ್ಬಾರ್ದು. ಹಾಗೇ ಬರಿ. ಸತ್ರೂ ಕೆಟ್ರೂ ಬರ್ಬಾರ್ದು. ನಾನೇ ಸತ್ರೂ ಬರ್ಬಾರ್ದು." ಅಂದವರು, ಫಾರಂ ಎಲ್ಲಿ ಅಂತ ಕೈ ಚಾಚಿದರು. ಕೊಟ್ಟೆ. ಮೇಷ್ಟ್ರ ಹತ್ತಿರ ಶಾಯಿ ತರಿಸಿ ಹೆಬ್ಬೆಟ್ಟು ಒತ್ತಿದರು. ಒತ್ತುವಾಗ ಗುರುತು ಸ್ವಲ್ಪ ಕದಡಿದೆ. ನಡೆಯುತ್ತದೆ ಅಂದುಕೊಂಡಿದ್ದೇನೆ. ಇದರ ಜೊತೆ ಇಟ್ಟಿದ್ದೇನೆ, ತಡ ಮಾಡದೆ ಕೊಡು.

ನನಗೆ ಹೇಳಿದ್ದೂ ಬರೆಯುತ್ತೇನೆ. "ಇನ್ಮೇಲೆ ಈ ಮನೆ ಕಾಗದ ನೀನು ಮುಟ್ಬೇಡ. ಬಂದಿದ್ದನ್ನ ಮೇಷ್ಟ್ರು ಓದ್ಲಿ, ಹೋಗೋದನ್ನ ಮೇಷ್ಟ್ರು ಬರೀಲಿ." ಎಲ್ಲರೂ ಸರಿ ಅಂದರು. ನಾನೂ ಸರಿ ಅಂದೆ. ಇದೊಂದು ಕಾಗದ ಬರೆಯಲು ಅಪ್ಪಣೆ ಕೇಳಿ ತೆಗೆದುಕೊಂಡಿದ್ದೇನೆ. ಮುಗಿಸಿದ ಮೇಲೆ ಪೆನ್ನನ್ನು ಮೇಷ್ಟ್ರಿಗೆ ಒಪ್ಪಿಸಬೇಕು.

ನೀನು ಬರಿ. ಇದ್ದದ್ದು ಇದ್ದ ಹಾಗೆ ಬರಿ. ಮೇಷ್ಟ್ರು ಓದುತ್ತಾರೆ, ನಾನು ಉಳಿದವರ ಜೊತೆ ನೆಲದ ಮೇಲೆ ಕೂತು ಕೇಳುತ್ತೇನೆ.

ಅತ್ತೆ ಮಾಖೊತ್ಸೊ